ಗುಡ್ಡ ಕುಸಿದ ಮೇಲೆ ಬರುವ ವರದಿಗಾರ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ಚಹದಂಗಡಿಯೊಂದನ್ನೂ ಅಲ್ಲಿ ತಂಗಿದ್ದ ವಾಹನಗಳನ್ನೂ ಗಂಗಾವಳಿಯ ಗರ್ಭಕ್ಕೆ ನೂಕಿದಾಗ, ಸುದ್ದಿವಾಹಿನಿಗಳ ಕ್ಯಾಮೆರಾಗಳು ನದಿಯಲ್ಲಿ ಮುಳುಗಿದ ಲಾರಿಯೊಂದರ ಶೋಧದ ಮೇಲೆಯೇ ದಿನಗಟ್ಟಲೆ ನೆಟ್ಟಿದ್ದವು. ಎದುರು ದಡದ ಉಳುವರೆಯಲ್ಲಿ, ಮಣ್ಣು ಬಿದ್ದ ರಭಸಕ್ಕೆ ಉಕ್ಕಿದ ನೀರು ಮನೆಗಳನ್ನು ಕೆಡವಿದ ಸಂಗತಿಗೆ ದೊರೆತ ಅವಕಾಶ ಅತ್ಯಲ್ಪ.

ಶೋಕವನ್ನು ವರದಿ ಮಾಡುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ವಾಯುವು ಸುಮಾರು ಶೇ. 7ರಷ್ಟು ಅಧಿಕ ನೀರಾವಿಯನ್ನು ಧರಿಸಬಲ್ಲದು, ಆದುದರಿಂದಲೇ ಮಳೆ ಬಂದಾಗ ಮುಸಲಧಾರೆಯಾಗಿ ಸುರಿಯುವ ಸಂಭವ ಹೆಚ್ಚು ಎಂಬ ಭೌತಶಾಸ್ತ್ರದ ಸರಳ ನಿಯಮವನ್ನು, ಚತುಷ್ಪಥಕ್ಕಾಗಿ ಗುಡ್ಡದ ಬುಡವನ್ನು ನೆಟ್ಟಗೆ ಕಡಿದ ಮನುಷ್ಯಕೃತ್ಯದೊಡನೆ ಜೋಡಿಸಿ ಓದುಗನಿಗೆ ತಿಳಿಯಹೇಳುವುದು ಪತ್ರಿಕಾವೃತ್ತಿಯ ಧರ್ಮ. ‘ಪ್ರಕೃತಿಯ ಮುನಿಸು’ ಎಂಬ ಶೀರ್ಷಿಕೆ (ನಮ್ಮ ಉಪಸಂಪಾದಕರಿಗೆ ಇದು ಬಾಯಿಪಾಠವಾಗಿಹೋಗಿದೆ) ಗುತ್ತಿಗೆದಾರನನ್ನೂ ಅನುಮತಿಯಿತ್ತವನನ್ನೂ ಒಮ್ಮೆಲೇ ಬಿಡುಗಡೆ ಮಾಡುತ್ತದೆ. ಎಲ್ಲವನ್ನೂ ಭೂತಾಪದ ತಲೆಗೆ ಕಟ್ಟುವ ಪಾಂಡಿತ್ಯವೂ ಅದನ್ನೇ ಮಾಡುತ್ತದೆ.

ಇಂಥ ಗುಡ್ಡಗಳ ಬಗೆಗಿನ ಎಚ್ಚರಿಕೆ ಹೊಸದೇನಲ್ಲ: ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಸಮಿತಿ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮತೆಯನ್ನು ಕುರಿತ ವರದಿಯನ್ನು 2011ರಲ್ಲಿಯೇ ಒಪ್ಪಿಸಿತ್ತು. ಅದನ್ನು ಪತ್ರಿಕೆಗಳು 2018ರಲ್ಲಿ ಕೊಡಗು ಕುಸಿದ ತರುವಾಯ ಸ್ಮರಿಸಿದವು, 2024ರಲ್ಲಿ ವಯನಾಡಿನ ಭೂಕುಸಿತದ ತರುವಾಯ ಪುನಃ ಸ್ಮರಿಸಿದವು. ನಡುವಣ ಬೇಸಗೆಗಳಲ್ಲಿ ಬಹುಮಟ್ಟಿಗೆ ಮೌನ. ಸಂಪಾದಕರು ಮುಂಗಾರಿಗೆ ಮುನ್ನ, ಏಪ್ರಿಲಿನಲ್ಲಿಯೇ, ತಮ್ಮ ಜಿಲ್ಲಾ ವರದಿಗಾರರನ್ನು ಘಟ್ಟದ ರಸ್ತೆಗೆ ಕಳುಹಿಸಲಿ. ಯಾವ ಗುಡ್ಡ ಕಡಿಯಲ್ಪಟ್ಟಿದೆ, ಅನುಮತಿ ಯಾರದು ಎಂಬುದನ್ನು ಮುಖಪುಟದಲ್ಲಿ ಅಚ್ಚು ಹಾಕಲಿ.