ಟ್ರ್ಯಾಕ್ಟರಿನ ಉಸಿರು

ಆಯುಧಪೂಜೆಯಂದು ಟ್ರ್ಯಾಕ್ಟರಿಗೆ ಮಾಲೆ ಹಾಕುವ ಮನೆಗಳಲ್ಲಿಯೂ ಅದರ ಏರ್ ಕ್ಲೀನರನ್ನು ತಿಂಗಳುಗಟ್ಟಲೆ ಬಿಚ್ಚಿ ನೋಡದಿರುವುದನ್ನು ನಾವು ಬಲ್ಲೆವು. ಎಂಜಿನ್ನಿಗೆ ಡೀಸೆಲಿನಷ್ಟೇ ಗಾಳಿಯೂ ಆಹಾರ. ಒಣಹೊಲದಲ್ಲಿ ರಂಟೆ ಹೊಡೆಯುವಾಗ, ಕಣದಲ್ಲಿ ರಾಶಿ ಮಾಡುವಾಗ ಏಳುವ ಧೂಳು ಒಳಹೊಕ್ಕರೆ ಸಿಲಿಂಡರನ್ನೂ ಪಿಸ್ಟನ್ನಿನ ರಿಂಗುಗಳನ್ನೂ ಸಾಣೆ ಹಿಡಿದಂತೆ ಸವೆಸುತ್ತದೆ. ಎಂಜಿನ್ ಆಯಿಲ್ ಕುಡಿಯತೊಡಗಿ ನೀಲಿ ಹೊಗೆ ಕಾರುತ್ತದೆ. ಬ್ಯಾಂಕಿನ ಕಂತು ತೀರುವ ಮುನ್ನವೇ ರಿಪೇರಿಯ ಸಾಲವೂ ಹೆಗಲೇರೀತು.

ಆಯಿಲ್ ತುಂಬಿದ ಬಟ್ಟಲುಳ್ಳ ಏರ್ ಕ್ಲೀನರಾದರೆ, ಧೂಳಿನ ಕೆಲಸದ ದಿನಗಳಲ್ಲಿ ನಿತ್ಯವೂ ಎಂಜಿನ್ ಚಾಲೂ ಮಾಡುವ ಮೊದಲು ಬಿಚ್ಚಿ ನೋಡತಕ್ಕದ್ದು. ಆಯಿಲ್ ಕೆಸರಾಗಿದ್ದರೆ ತೆಗೆದು, ಬಟ್ಟಲನ್ನು ಡೀಸೆಲಿನಿಂದ ತೊಳೆದು ಒರೆಸಿ, ಗುರುತಿನ ಮಟ್ಟಕ್ಕೆ ಹೊಸ ಎಂಜಿನ್ ಆಯಿಲ್ ತುಂಬಬೇಕು. ಪೆಟ್ರೋಲಿನಿಂದ ತೊಳೆಯಲೇಕೂಡದು, ಬೆಂಕಿಯ ಭಯವುಂಟು. ಗುರುತು ಮೀರಿ ತುಂಬುವುದೂ ಜಾಣತನವಲ್ಲ. ಹೆಚ್ಚಾದ ಆಯಿಲನ್ನು ಎಂಜಿನ್ ಒಳಗೆಳೆದುಕೊಂಡು ಹತೋಟಿ ಮೀರಿ ಓಡಬಲ್ಲದು.

ಈಚಿನ ಟ್ರ್ಯಾಕ್ಟರುಗಳ ಕಾಗದದ ಫಿಲ್ಟರನ್ನು ಚಕ್ರಕ್ಕೆ ಬಡಿದು ಧೂಳುದುರಿಸುವ ರೂಢಿ ತೀರ ಕೆಟ್ಟದ್ದು. ಕಾಗದ ಕೂದಲೆಳೆಯಷ್ಟು ಹರಿದರೂ ಫಿಲ್ಟರ್ ಇದ್ದೂ ಇಲ್ಲದಂತೆ. ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರಿದಿದ್ದರೂ, ಅದರ ಕ್ಲಿಪ್ಪು ಸಡಿಲಾಗಿದ್ದರೂ ಅದೇ ಗತಿ. ಇದನ್ನು ಡ್ರೈವರನ ಮೇಲೆಯೇ ಬಿಡದೆ, ಮನೆಯ ಓದುಬಲ್ಲ ಮಕ್ಕಳಿಂದ ಕಂಪನಿಯ ಕೈಪಿಡಿಯನ್ನು ಒಮ್ಮೆ ಓದಿಸಿ ಕೇಳಿರಿ.

ಇನ್ನುಳಿದವು ಐದು ನಿಮಿಷದ ಕೆಲಸ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಯಿಲಿನ ಅಳತೆಯ ಕಡ್ಡಿ ನೋಡುವುದು, ರೇಡಿಯೇಟರಿನ ಜಾಲರಿಗೆ ಅಂಟಿದ ಹೊಟ್ಟು ತೆಗೆಯುವುದು. ಸಂಜೆಯೇ ಡೀಸೆಲ್ ತುಂಬಿಸಿಟ್ಟರೆ ರಾತ್ರಿಯ ತಂಪಿಗೆ ಟ್ಯಾಂಕಿನೊಳಗೆ ನೀರಹನಿ ಕಟ್ಟುವುದು ಕಡಿಮೆ.