ಹೆಣ್ಣುಮಕ್ಕಳೂ ಗಣಕಯಂತ್ರದ ಪೆಟ್ಟಿಗೆಯೂ

ಶಾಲೆಯ ವರದಿಯು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿರುವದರಿಂದ ನಾವು ಇಲ್ಲಿ ಒಂದೇ ವಿಷಯವನ್ನು ಕುರಿತು ನಮ್ಮ ಅಭಿಪ್ರಾಯವನ್ನು ಹೇಳಬಯಸುತ್ತೇವೆ. ಅದೇನಂದರೆ, ನಮ್ಮ ಹೆಣ್ಣುಮಕ್ಕಳು ಗಣಕಯಂತ್ರವನ್ನು ನಡಿಸುವದನ್ನು ಮಾತ್ರವಲ್ಲ, ಅದನ್ನು ಬಿಚ್ಚಿ ಕಟ್ಟುವದನ್ನೂ ಕಲಿಯತಕ್ಕದ್ದು.

ಹಳೇ ವಿದ್ಯಾರ್ಥಿನಿಯರು ಕೂಡಿ 2006ರಲ್ಲಿ ಶಾಲೆಗೆ ಕೊಟ್ಟ ಮೊದಲನೆಯ ಗಣಕಯಂತ್ರವು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಅದರ ಬೂದುಬಣ್ಣದ ಉಕ್ಕಿನ ಪೆಟ್ಟಿಗೆ, ಟಕ್ಕೆಂದು ಸದ್ದುಮಾಡುವ ಗುಂಡಿ, ಯಾರೋ ತುಂಟ ಹುಡುಗಿಯು ಕೈವಾರದ ಮುಳ್ಳಿನಿಂದ ಪಕ್ಕದಲ್ಲಿ ಗೀರಿದ ನಕ್ಷತ್ರ, ಇವನ್ನು ಮರೆತವರು ಕಡಿಮೆ. ಆ ಯಂತ್ರವು ಕೆಟ್ಟು ಬಹಳ ಕಾಲ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಅದಕ್ಕಿಂತ ದುಃಖಕರವಾದದ್ದೊಂದುಂಟು. ಅದು ಚೆನ್ನಾಗಿದ್ದ ದಿನಗಳಲ್ಲಿಯೂ ನಾವು ಕೋಣೆಗೆ ಬೀಗ ಹಾಕಿ, ಬೀಗದಕೈಯನ್ನು ನಮ್ಮ ಮೇಜಿನಲ್ಲಿಯೇ ಇಟ್ಟುಕೊಂಡಿದ್ದೆವು. ಮಕ್ಕಳು ಮುಟ್ಟಿದರೆ ಹಾಳಾದೀತೆಂಬ ಭಯ. ತಲಾಂತನ್ನು ನೆಲದಲ್ಲಿ ಬಚ್ಚಿಟ್ಟ ಆಳಿನ ಸಾಮ್ಯವನ್ನು ವರ್ಷವರ್ಷವೂ ಕಲಿಸುತ್ತಿದ್ದ ನಾವೇ ಆ ಆಳಿನಂತೆ ನಡೆದೆವೆಂದು ಒಪ್ಪಿಕೊಳ್ಳುತ್ತೇವೆ.

ಕಳೆದ ವರ್ಷ ಹೊಸ ಯಂತ್ರದ ಮಾತು ಬಂದಾಗ, ಆ ಹಳೇ ಪೆಟ್ಟಿಗೆಯಲ್ಲಿಯೇ ಹೊಸ ಯಂತ್ರವನ್ನು ಮಕ್ಕಳ ಕೈಯಿಂದ ಕಟ್ಟಿಸೋಣವೆಂದೆವು. ಸಭೆಯ ಹಿರಿಯರೊಬ್ಬರು ನಕ್ಕು, "ಅಮ್ಮನವರೇ, ಹಳೇ ಬುದ್ದಲಿಯಲ್ಲಿ ಹೊಸ ದ್ರಾಕ್ಷಾರಸವೋ?" ಎಂದರು. ಮಾತು ತಕ್ಕದ್ದೇ. ಆದರೆ ಈ ಬುದ್ದಲಿಯು ಬಿರಿಯುವದಿಲ್ಲ, ಯಾಕಂದರೆ ಎ.ಟಿ.ಎಕ್ಸ್. ಎಂಬ ಅಳತೆಯ ಕಟ್ಟಳೆಯು 1995ರಲ್ಲಿ ಗೊತ್ತಾದಂದಿನಿಂದ ಮುಖ್ಯ ಹಲಗೆಯ ಸ್ಕ್ರೂ ತೂತುಗಳ ಸ್ಥಳಗಳು ಹೆಚ್ಚುಕಡಿಮೆ ಅವೇ ಇವೆ. ಅದೇ ಕಟ್ಟಳೆಯ ಚಿಕ್ಕ ಹಲಗೆಯು 244 ಮಿಲಿಮೀಟರು ಚೌಕವುಳ್ಳದ್ದು. ಅದು ಅಂದಿನ ಪೆಟ್ಟಿಗೆಯಲ್ಲಿಯೂ ಇಂದಿನದರಲ್ಲಿಯೂ ಸರಿಯಾಗಿ ಕೂಡ್ರುತ್ತದೆ. ಸಾಣಾಪುರದ ಕೆರೆಯಲ್ಲಿ ಹರಿಗೋಲು ನೋಡಿದವರಿಗೆ ಇದು ಹೊಸದಲ್ಲ. ಸುಮಾರು 1520ರಲ್ಲಿ ಈ ಸೀಮೆಗೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯಸನು ಆನೆಗೊಂದಿಯ ಹೊಳೆಯಲ್ಲಿ ಕಂಡ ಬುಟ್ಟಿಯಂಥ ದೋಣಿಗಳಿಗೆ ತೊಗಲಿನ ಹೊದಿಕೆಯಿತ್ತು. ಈಗ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಇವೆ. ಹೊದಿಕೆ ಬದಲಾಯಿತು, ಬಿದಿರಿನ ಹೆಣಿಗೆಯು ಉಳಿಯಿತು.

ಒಂಭತ್ತನೆಯ ತರಗತಿಯ ಆರು ಮಂದಿ ಹುಡುಗಿಯರು ಮುಂದೆ ಬಂದರು. ಬೆಂಗಳೂರಿನಲ್ಲಿರುವ ನಮ್ಮ ಹಳೇ ವಿದ್ಯಾರ್ಥಿನಿಯೊಬ್ಬರು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಕೊಂಡು ಕಳುಹಿಸಿದರು. ನಮ್ಮ ಕಡೆಯಲ್ಲಿ ಪೆಟ್ಟಿಗೆಗೇ ಸಿ.ಪಿ.ಯು. ಎನ್ನುವದು ವಾಡಿಕೆ. ನಿಜವಾದ ಸಿ.ಪಿ.ಯು. ಅಂಗೈಯಲ್ಲಿ ಅಡಗುವ ಬಿಲ್ಲೆಯೆಂದು ತಿಳಿದಾಗ ಮಕ್ಕಳಿಗಾದ ಆಶ್ಚರ್ಯವನ್ನು ನೀವು ನೋಡಬೇಕಿತ್ತು. ಮೊದಲು ಉಕ್ಕನ್ನು ಮುಟ್ಟಿ ಮೈಯಲ್ಲಿರುವ ವಿದ್ಯುತ್ತನ್ನು ಕಳೆಯುವದು. ಬಿಲ್ಲೆಯ ಮೂಲೆಯ ತ್ರಿಕೋನವನ್ನು ಹಲಗೆಯ ಗುರುತಿಗೆ ಹೊಂದಿಸಿ, ಒತ್ತದೆ ಇಡುವದು. ಅದರ ಮೇಲೆ ಬಟಾಣಿಯಷ್ಟು ಲೇಪವನ್ನು ಹಾಕಿ ಫ್ಯಾನನ್ನು ಕೂಡ್ರಿಸುವದು. ಹೀಗೆ ಒಂದೊಂದನ್ನೂ ಅವರೇ ಮಾಡಿದರು. ವಿದ್ಯುತ್ತನ್ನು ಒದಗಿಸುವ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬಾರದೆಂದು ಕಟ್ಟಪ್ಪಣೆ ಮಾಡಿದ್ದೆವು. ಯಾಕಂದರೆ ತಂತಿಯನ್ನು ಕಿತ್ತ ಮೇಲೆಯೂ ಅದರೊಳಗೆ ವಿದ್ಯುತ್ತು ನಿಂತಿರುತ್ತದೆ.

ಹಳೇ ಪೆಟ್ಟಿಗೆಯ ಮುಂಭಾಗದಲ್ಲಿ ಗಾಳಿಗೆ ದಾರಿಯಿರಲಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ಬಿಸಿಲನ್ನು ಕಾಣುವ ನಮ್ಮ ಸೀಮೆಯಲ್ಲಿ ಅದು ನಡೆಯದು. ಮಕ್ಕಳು ಸಿ.ಡಿ. ಹಾಕುತ್ತಿದ್ದ ಜಾಗವನ್ನು ತೆರವುಮಾಡಿ, ಜರಡಿಯ ತಂತಿಬಲೆಯನ್ನು ಕತ್ತರಿಸಿ ಕೂಡ್ರಿಸಿ, ಧೂಳು ತಡೆಯುವದಕ್ಕೆ ಸೊಳ್ಳೆಪರದೆಯ ತುಂಡನ್ನು ಹೊಲಿದು, ಹಿಂದೆ ಒಂದು ಫ್ಯಾನನ್ನು ಬಿಗಿದರು. ಮುಂದಿನಿಂದ ತಂಪು ಗಾಳಿ ಒಳಗೆ, ಹಿಂದಿನಿಂದ ಬಿಸಿ ಗಾಳಿ ಹೊರಗೆ. ಕಿನ್ನಾಳದ ಬಣ್ಣದ ಗೊಂಬೆಗಳನ್ನು ಬಲ್ಲ ಹುಡುಗಿಯೊಬ್ಬಳು ಪಕ್ಕದ ಬಾಗಿಲಿಗೆ ಹೂಬಳ್ಳಿಯನ್ನು ಬರೆದಳು. ಗೀರಿದ ನಕ್ಷತ್ರದ ಮೇಲೆ ಮಾತ್ರ ಬಣ್ಣ ಹಚ್ಚಕೂಡದೆಂದು ಎಲ್ಲರೂ ಹಟಹಿಡಿದರು.

ಗುಂಡಿಯನ್ನು ಒತ್ತಿದ ದಿನ ಫ್ಯಾನುಗಳು ತಿರುಗಿದವು, ಪರದೆಯು ಕತ್ತಲಾಗಿಯೇ ಇತ್ತು. ಪಟ್ಟಣದಿಂದ ಯಾರನ್ನಾದರೂ ಕರೆಸೋಣವೆಂಬ ಮಾತು ನಮ್ಮ ಬಾಯಿಗೆ ಬಂದಿತ್ತು. ಆದರೆ ತರಗತಿಯಲ್ಲಿ ಎಂದೂ ಬಾಯಿಬಿಡದ ಹುಡುಗಿಯೊಬ್ಬಳು ಹಲಗೆಯ ಜೊತೆಗೆ ಬಂದ ಪುಸ್ತಿಕೆಯನ್ನು ಮೊದಲಿನಿಂದ ಓದತೊಡಗಿದಳು. ಬಿಲ್ಲೆಗೆ ಪ್ರತ್ಯೇಕವಾಗಿ ವಿದ್ಯುತ್ತನ್ನು ಕೊಡುವ ಚಿಕ್ಕ ಕೊಂಡಿಯನ್ನು ಹಾಕುವದಕ್ಕೆ ಮರೆತಿದ್ದೇವೆಂದು ಅರ್ಧ ತಾಸಿನಲ್ಲಿ ಆಕೆಯೇ ಕಂಡುಹಿಡಿದಳು. ಪರದೆ ಬೆಳಗಿತು. ಆಕೆ ಈಗ ತರಗತಿಯಲ್ಲಿ ಪ್ರಶ್ನೆ ಕೇಳುತ್ತಾಳೆ. ಇದಕ್ಕಿಂತ ದೊಡ್ಡ ಫಲವನ್ನು ನಾವು ನಿರೀಕ್ಷಿಸಿರಲಿಲ್ಲ.

ಕೆಲವು ತಾಯಿತಂದೆಗಳು, ಹೆಣ್ಣುಮಕ್ಕಳಿಗೆ ಈ ಮಿಸ್ತ್ರಿಯ ಕೆಲಸ ಯಾಕೆಂದು ಕೇಳಿದ್ದಾರೆ. ಅವರಿಗೆ ನಮ್ಮ ಉತ್ತರವಿದು. ನಿಮ್ಮ ಮನೆಯ ಹೊಲಿಗೆಯಂತ್ರಕ್ಕೆ ಎಣ್ಣೆ ಹಾಕಿ, ಸೂಜಿ ಬದಲಿಸುವವರು ಯಾರು? ಮನೆಯ ತಾಯಿಯೇ ಅಲ್ಲವೇ? ಅದು ಮಿಸ್ತ್ರಿಯ ಕೆಲಸವೆಂದು ಯಾರೂ ಅನ್ನಲಿಲ್ಲ. ಮಂಗಳೂರಿನಲ್ಲಿ 1841ರಲ್ಲಿ ಮುದ್ರಣಾಲಯವನ್ನೂ 1865ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದ ಬಾಸೆಲ್ ಮಿಶನ್ನಿನವರು ಅಕ್ಷರದೊಡನೆ ಕೈಕೆಲಸವನ್ನೂ ಕಲಿಸಿದರು. ಸೂಜಿಯನ್ನು ಕೊಟ್ಟ ಶಾಲೆಯು ಸ್ಕ್ರೂಡ್ರೈವರನ್ನು ಕೊಡುವದರಲ್ಲಿ ಸಂಪ್ರದಾಯಭಂಗವೇನೂ ಇಲ್ಲ.

ಅರಿಯದವರಿಗೆ ನಷ್ಟವೂ ಉಂಟು. ಹಿಂದೊಮ್ಮೆ ರಿಪೇರಿಗೆ ಕೊಟ್ಟ ಇದೇ ಪೆಟ್ಟಿಗೆಯು ಹಣ ತೆತ್ತ ಮೇಲೆ ತಿರುಗಿ ಬಂತು. ಮೊದಲನೆಯ ಬಿಲ್ಲಿನಲ್ಲಿ ಬರೆದಿದ್ದ ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದೇ ಒಳಗಿದೆಯೆಂದು, ಮಕ್ಕಳು ಬಿಚ್ಚಿ ನೋಡಿದಾಗಲೇ ನಮಗೆ ತಿಳಿಯಿತು. ಇನ್ನು ವಿಂಡೋಸ್ 10ಕ್ಕೆ ಅದರ ಸಂಸ್ಥೆಯವರ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ್ 14ರಂದು ಮುಗಿಯಿತು. ಆದಕಾರಣ ಉಪಯೋಗಕ್ಕೆ ಬರುವ ಎಷ್ಟೋ ಯಂತ್ರಗಳು ಮೂಲೆ ಸೇರುತ್ತಿವೆ. ನಮ್ಮ ಮಕ್ಕಳು ಹಣ ಕೊಡದೆ ದೊರಕುವ ಲಿನಕ್ಸನ್ನು ಹಾಕಿ, ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯ ಕ್ರಮವನ್ನು ಅನುಸರಿಸಿ ಕನ್ನಡವನ್ನು ಬರೆಯುತ್ತಿದ್ದಾರೆ.

ಹಳೇ ಪೆಟ್ಟಿಗೆಯಿಂದ ಉಳಿದ ಹಣವು ಸ್ವಲ್ಪವೇ ಎಂಬದನ್ನು ಮರೆಮಾಡುವದಿಲ್ಲ. ಎಲ್ಲ ಹುಡುಗಿಯರೂ ಇಂಜಿನಿಯರರಾಗಬೇಕೆಂಬ ಹಂಬಲವೂ ನಮಗಿಲ್ಲ. ಮುಚ್ಚಿದ ಪೆಟ್ಟಿಗೆಯನ್ನು ಕಂಡು ಹೆದರದ ಹೆಣ್ಣುಮಕ್ಕಳು ನಮ್ಮ ಶಾಲೆಯಿಂದ ಹೊರಡಲಿ ಎಂಬದೇ ಆಶೆ.

ಆದ್ದರಿಂದ ಹಳೇ ವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹವೇನಂದರೆ, ನಿಮ್ಮ ಮನೆಯಲ್ಲಿ ಸುಮ್ಮನೆ ಕೂತಿರುವ ಪೆಟ್ಟಿಗೆಗಳನ್ನು ಗುಜರಿಗೆ ಹಾಕದೆ ಶಾಲೆಗೆ ಕಳುಹಿಸಿರಿ. ತಾಯಿತಂದೆಗಳೇ, ಶನಿವಾರ ಮಧ್ಯಾಹ್ನ ಎರಡು ತಾಸು ಮಕ್ಕಳನ್ನು ಶಾಲೆಯಲ್ಲಿ ಬಿಡಿರಿ. ಆ ಕೋಣೆಯ ಬೀಗವನ್ನು ನಾವು ತೆಗೆದಿದ್ದೇವೆ. ಬೀಗದಕೈಯು ಈಗ ಒಂಭತ್ತನೆಯ ತರಗತಿಯ ಮುಖಂಡಳ ಕೈಯಲ್ಲಿದೆ. ಮಕ್ಕಳ ಕೈಕೆಲಸವನ್ನು ದೇವರು ಸಫಲಪಡಿಸಲಿ.