ನಾಟಕ ಮಾಡಿದರೆ ಮಕ್ಕಳು ಜಾಣರಾಗುತ್ತಾರೋ, ಕೆಡುತ್ತಾರೋ?

ಏಪ್ರಿಲ್ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಬಸ್ ನಿಲ್ದಾಣಗಳ ಸುತ್ತ ಬೇಸಿಗೆ ಶಿಬಿರಗಳ ಬ್ಯಾನರ್‌ಗಳು ಕಾಣಿಸುತ್ತವೆ. ಅಬಾಕಸ್, ಕರಾಟೆ, ಡಾನ್ಸ್, ಸ್ಪೋಕನ್ ಇಂಗ್ಲಿಷ್, ಕೊನೆಯ ಸಾಲಿನಲ್ಲಿ ಎಲ್ಲೋ ನಾಟಕ. ಅದರ ಪಕ್ಕದಲ್ಲೇ ‘ಬುದ್ಧಿಶಕ್ತಿ ಹೆಚ್ಚುತ್ತದೆ, ವೇದಿಕೆಯ ಭಯ ಹೋಗುತ್ತದೆ’ ಎಂಬ ಭರವಸೆ. ಅದೇ ಊರಿನ ಮನೆಗಳ ಒಳಗೆ ಕೇಳಿಬರುವ ಮಾತು ಬೇರೆ: “ಇನ್ನ ಎಂಟನೇತ್ತೆ. ನಾಟಕಾ ಗೀಟಕಾ ಸಾಕು, ಅಭ್ಯಾಸ ಮಾಡು.”

ರಾಯಬಾಗ ತಾಲ್ಲೂಕಿನಲ್ಲಿರುವ ನನ್ನ ಅಕ್ಕ ಹೋದ ವರ್ಷ ಫೋನ್ ಮಾಡಿ ಕೇಳಿದ್ದೂ ಇದನ್ನೇ. “ತಂಗಿ, ನೀ ಇಂಥಾದೆಲ್ಲಾ ಓದಿದಾಕಿ, ನೀನ ಹೇಳು. ಇಕಿನ್ನ ನಾಟಕದ ಶಿಬಿರಕ್ಕ ಹಾಕಲೇನ? ಅವರು ಮಾರ್ಕ್ಸ್ ಹೆಚ್ಚ ಬರತಾವ ಅಂತಾರ. ನಿಮ್ಮ ಮಾಮಾ ಹುಡುಗಿ ಕೆಟ್ಟ ಹೋಗತಾಳ ಅಂತಾರ.”

ಎರಡು ನಂಬಿಕೆಗಳಲ್ಲಿ ಯಾವುದು ನಿಜ ಎಂದು ಹುಡುಕಿದಾಗ ಎರಡೂ ಪೂರ್ತಿ ನಿಜವಲ್ಲ ಎಂದು ಗೊತ್ತಾಯಿತು. ನಡುವೆ ಇರುವ ಉತ್ತರ ಮಾತ್ರ ನಮ್ಮ ಭಾಗದ ಮಕ್ಕಳಿಗೆ ಬಹಳ ಬೇಕಾದದ್ದು.

ಯಾವ ನಾಟಕದ ಬಗ್ಗೆ ಮಾತು?

ನಾಟಕ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಶಾಲೆಯ ವಾರ್ಷಿಕೋತ್ಸವ. ಬಾಡಿಗೆ ವೇಷ, ಕೈಕೊಡುವ ಮೈಕು, ಮುಂದಿನ ಸಾಲಿನಲ್ಲಿ ಮೊಬೈಲ್ ಹಿಡಿದು ನಿಂತ ಅಪ್ಪ ಅಮ್ಮ. ಮಕ್ಕಳ ಶಿಕ್ಷಣದಲ್ಲಿ ನಾಟಕ ಎಂದು ಸಂಶೋಧಕರು ಹೇಳುವುದು ಹೆಚ್ಚಾಗಿ ಇದನ್ನಲ್ಲ. 1965ರಲ್ಲಿ ಇಂಗ್ಲೆಂಡಿನ ಕವೆಂಟ್ರಿ ಊರಿನ ಬೆಲ್ಗ್ರೇಡ್ ಥಿಯೇಟರ್ ತನ್ನ ನಟರನ್ನು ಶಾಲೆಗಳಿಗೆ ಕಳಿಸತೊಡಗಿತು. ನಟರು ಪಾತ್ರವಾಗಿ ತರಗತಿಗೆ ಬರುತ್ತಾರೆ, ಒಂದು ಸಮಸ್ಯೆ ಮುಂದಿಡುತ್ತಾರೆ, ಮಕ್ಕಳೂ ಪಾತ್ರವಾಗಿ ಅದರೊಳಗೆ ಇಳಿಯುತ್ತಾರೆ. ನೋಡುವವರು, ಆಡುವವರು ಎಂಬ ಗೆರೆ ಅಲ್ಲಿರುವುದಿಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಇಂಥದೇ ತಂಡವನ್ನು 1989ರಲ್ಲಿ ಕಟ್ಟಿತು.

ಅದೇ 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಆರಂಭವಾಯಿತು. ಅದರ ಮೊದಲ ನಿರ್ದೇಶಕ ಬಿ.ವಿ. ಕಾರಂತರಿಗೆ ಮಕ್ಕಳ ನಾಟಕವೆಂದರೆ ಬಿಡುವಿನ ಕೆಲಸವಾಗಿರಲಿಲ್ಲ. ಠಾಗೋರರ ಗಿಳಿಯ ಕಥೆಯಿಂದ ಬಂದ ಅವರ ‘ಪಂಜರ ಶಾಲೆ’ ಇವತ್ತಿಗೂ ಶಾಲೆಗಳಲ್ಲಿ ಆಡಲ್ಪಡುತ್ತದೆ. ರಂಗಾಯಣ ಪ್ರತಿ ಬೇಸಿಗೆಯಲ್ಲಿ ನಡೆಸುವ ‘ಚಿಣ್ಣರ ಮೇಳ’ದಲ್ಲಿ 8ರಿಂದ 14 ವರ್ಷದ ಮಕ್ಕಳು ಸುಮಾರು ಒಂದು ತಿಂಗಳು ಹಾಡು, ಆಟ, ಕುಣಿತ, ಮುಖವಾಡ, ಕಥೆಗಳಲ್ಲಿ ಕಳೆದು ಕೊನೆಗೆ ನಾಟಕ ಆಡುತ್ತಾರೆ. ನಮ್ಮ ಭಾಗಕ್ಕೆ ಇರುವುದು ಧಾರವಾಡದ ರಂಗಾಯಣ.

ಬುದ್ಧಿ ಹೆಚ್ಚುತ್ತದೆ ಎಂಬ ಮಾತು

ನಾಟಕ ಕಲಿತ ಮಕ್ಕಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆಯುತ್ತಾರೆ ಎನ್ನುವವರು ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯ ಅಂಕಿ ತೋರಿಸುತ್ತಾರೆ. ಅಲ್ಲಿ ಕಲಾ ವಿಷಯ ಓದಿದವರ ಅಂಕ ಸರಾಸರಿಗಿಂತ ಹೆಚ್ಚಿರುವುದು ಹೌದು. ಆದರೆ ಅಂಕ ಬಂದದ್ದು ಕಲೆಯಿಂದಲೋ, ಅಂಥ ಮಕ್ಕಳೇ ಕಲೆಗೆ ಸೇರಿದರೋ? ಪುಸ್ತಕವಿರುವ ಮನೆ, ಬಿಟ್ಟು ಬರಲು ಕರೆದೊಯ್ಯಲು ಸಮಯವಿರುವ ಅಪ್ಪ ಅಮ್ಮ, ಮೊದಲೇ ಮಾತುಗಾರನಾದ ಹುಡುಗ, ಇವರೇ ಹೆಚ್ಚಾಗಿ ಕಲಾ ತರಗತಿಗೆ ಬರುವವರು. ಛತ್ರಿ ಹಿಡಿದವರು ಹೆಚ್ಚಾದ ದಿನ ಮಳೆ ಬಂತು ಎಂದ ಮಾತ್ರಕ್ಕೆ ಛತ್ರಿಯಿಂದ ಮಳೆ ಬಂತು ಎನ್ನಲಾಗದು.

ಈ ಗೋಜಲು ಬಿಡಿಸಲು ಮಕ್ಕಳನ್ನು ಚೀಟಿ ಎತ್ತಿದಂತೆ ಗುಂಪು ಮಾಡಬೇಕು. ಕೆನಡಾದ ಮನೋವಿಜ್ಞಾನಿ ಗ್ಲೆನ್ ಶೆಲೆನ್‌ಬರ್ಗ್ ಅದನ್ನೇ ಮಾಡಿದರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಆರು ವರ್ಷದ 144 ಮಕ್ಕಳು. ಕೆಲವರಿಗೆ ಕೀಬೋರ್ಡ್, ಕೆಲವರಿಗೆ ಹಾಡುಗಾರಿಕೆ, ಕೆಲವರಿಗೆ ನಾಟಕ, ಉಳಿದವರಿಗೆ ಆ ವರ್ಷ ಏನೂ ಇಲ್ಲ. ವರ್ಷದ ಕೊನೆಗೆ ಎಲ್ಲ ಮಕ್ಕಳ ಐಕ್ಯೂ ಸ್ವಲ್ಪ ಏರಿತ್ತು, ಶಾಲೆಗೆ ಹೋದರೆ ಏರಲೇಬೇಕು. ಸಂಗೀತ ಕಲಿತವರದು ಎರಡು ಮೂರು ಅಂಶ ಹೆಚ್ಚು ಏರಿತ್ತು (ಆ ಸಣ್ಣ ವ್ಯತ್ಯಾಸವೂ ನಂತರದ ಅಧ್ಯಯನಗಳಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ). ನಾಟಕದ ಗುಂಪಿನ ಐಕ್ಯೂ ಏನೂ ಕಲಿಯದವರಷ್ಟೇ ಇತ್ತು. ಆದರೆ ಇತರರೊಡನೆ ಹೊಂದಿಕೊಂಡು ನಡೆಯುವ ಗುಣದಲ್ಲಿ ಸ್ಪಷ್ಟ ಸುಧಾರಣೆ ಕಂಡದ್ದು ನಾಟಕದ ಮಕ್ಕಳಲ್ಲಿ ಮಾತ್ರ.

ಎಂದರೆ, ಬ್ಯಾನರಿನ ಮೇಲಿನ ‘ಬುದ್ಧಿಶಕ್ತಿ’ಗೆ ಆಧಾರವಿಲ್ಲ. ಗಣಿತಕ್ಕೆ ನಾಟಕ ಮದ್ದಲ್ಲ.

ಭಾಷೆಯ ವಿಷಯಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. 2000ದಲ್ಲಿ ಹಾರ್ವರ್ಡ್‌ನ ತಂಡವೊಂದು ಕಲೆಯಿಂದ ಓದಿಗೆ ಏನು ಲಾಭ ಎಂಬ ಬಗ್ಗೆ ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿತು. ಹೆಚ್ಚಿನ ಹೇಳಿಕೆಗಳು ಅಲ್ಲಿ ಉದುರಿಹೋದವು. ಉಳಿದ ಕೆಲವೇ ಸಂಗತಿಗಳಲ್ಲಿ ತರಗತಿಯ ನಾಟಕವೂ ಒಂದು. ಆನ್ ಪೊಡ್ಲೊಜ್ನಿ ಎಂಬವರು 80 ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಕಥೆಯನ್ನು ಅಭಿನಯಿಸಿದ ಮಕ್ಕಳು ಅದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿದ್ದರು, ನೆನಪಿಡುತ್ತಿದ್ದರು, ಬರವಣಿಗೆಯೂ ಸುಧಾರಿಸುತ್ತಿತ್ತು. ಅಭಿನಯಿಸದ ಹೊಸ ಪಾಠ ಓದುವಾಗಲೂ ಒಂದಷ್ಟು ಪ್ರಯೋಜನ ಕಾಣುತ್ತಿತ್ತು ಎಂಬುದು ಇನ್ನೂ ಮುಖ್ಯ. ಪದಸಂಪತ್ತಿನಲ್ಲಿ ಮಾತ್ರ ಅಷ್ಟು ಖಚಿತ ಫಲವಿರಲಿಲ್ಲ. ಇವೆಲ್ಲ ಪರದೆ, ವೇಷ, ಪ್ರೇಕ್ಷಕರು ಇರುವ ನಾಟಕಗಳಲ್ಲ. ಬೆಂಚು ಸರಿಸಿ ತರಗತಿಯಲ್ಲೇ ಆಡಿದ ಆಟಗಳು.

ಅಭಿನಯಿಸಿದ್ದು ಯಾಕೆ ತಲೆಯಲ್ಲಿ ಉಳಿಯುತ್ತದೆ?

ಹೆಲ್ಗಾ ನಾಯ್ಸ್ ಮತ್ತು ಟೋನಿ ನಾಯ್ಸ್ ಎಂಬ ದಂಪತಿ, ಒಬ್ಬರು ಮನೋವಿಜ್ಞಾನಿ, ಇನ್ನೊಬ್ಬರು ನಟ, ವೃತ್ತಿನಟರು ಅಷ್ಟು ಮಾತನ್ನು ಹೇಗೆ ನೆನಪಿಡುತ್ತಾರೆ ಎಂದು ವರ್ಷಗಟ್ಟಲೆ ಪರಿಶೀಲಿಸಿದರು. ನಟರು ಬಾಯಿಪಾಠ ಮಾಡುವುದು ನಾವು ಅಂದುಕೊಂಡಷ್ಟಿಲ್ಲ. ‘ಈ ಪಾತ್ರ ಈಗ ಎದುರಿನವರಿಂದ ಏನು ಬಯಸುತ್ತಿದೆ’ ಎಂದು ಪ್ರತಿ ಸಾಲಿಗೂ ಕೇಳಿಕೊಳ್ಳುತ್ತಾರೆ. ಅರ್ಥ ಹಿಡಿದರೆ ಮಾತು ತಾನಾಗಿ ಹಿಂದೆ ಬರುತ್ತದೆ. ನಡೆದಾಡುತ್ತ ಆಡಿದ ಮಾತು ನಿಂತು ಆಡಿದ್ದಕ್ಕಿಂತ ಹೆಚ್ಚು ನೆನಪಿರುತ್ತದೆ.

ನಮ್ಮ ಸೀಮೆಯವರಿಗೆ ಇದು ಹೊಸದಲ್ಲ. ಕುಲಗೋಡ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಅದನ್ನು ಊರೂರಿಗೆ ಮುಟ್ಟಿಸಿದರು. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಕಲಾವಿದರು ರಾತ್ರಿಯಿಡೀ ಆಡುವಷ್ಟು ಹಾಡು ಮಾತು ತಲೆಯಲ್ಲಿಟ್ಟುಕೊಂಡಿದ್ದರು. ಪಾರಿಜಾತದ ಹೂವು ರುಕ್ಮಿಣಿಗೆ ಹೋದದ್ದಕ್ಕೆ ಸತ್ಯಭಾಮೆ ಯಾಕೆ ಮುನಿದಳು ಎಂದು ಪ್ರಶ್ನೋತ್ತರದಲ್ಲಿ ಬರೆಸಿದರೆ ಮಗು ಗೈಡ್ ನೋಡಿ ಬರೆಯುತ್ತದೆ. ‘ನೀನೇ ಸತ್ಯಭಾಮೆ, ಕೃಷ್ಣ ಬಾಗಿಲ ಹೊರಗ ನಿಂತಾನ, ಏನ ಅಂತಿ?’ ಎಂದರೆ ಉತ್ತರ ಅದರ ಹೊಟ್ಟೆಯೊಳಗಿಂದ ಬರಬೇಕು. ಪಕ್ಕದ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಇಂಥ ಆಟಗಳನ್ನು ನೋಡುತ್ತ ಬೆಳೆದ ಹುಡುಗ ಚಂದ್ರಶೇಖರ ಕಂಬಾರ ಮುಂದೆ ಅದೇ ಲಯದಲ್ಲಿ ‘ಜೋಕುಮಾರಸ್ವಾಮಿ’ ಬರೆದರು.

ವೇದಿಕೆಗೆ ತಳ್ಳಿದರೆ ಭಯ ಹೋಗುತ್ತದೆಯೇ?

ಇಲ್ಲ. ಇದು ನನಗೆ ಓದಿ ಗೊತ್ತಾದದ್ದಲ್ಲ.

ನಾಲ್ಕನೇತ್ತೆಯಲ್ಲಿ ಛದ್ಮವೇಷ ಸ್ಪರ್ಧೆಗೆ ನನ್ನನ್ನು ಕಿತ್ತೂರು ಚೆನ್ನಮ್ಮ ಮಾಡಿದ್ದರು. ರಟ್ಟಿನ ಕತ್ತಿ ಎತ್ತಿ ಒಂದು ಸಾಲು ಹೇಳಿದೆ, ಎರಡನೆಯದು ಬರಲಿಲ್ಲ. ಎದುರು ಕೂತವರು ನಕ್ಕರು. ನಿಲ್ಲಿಸಿದ ಶಿಕ್ಷಕರೂ ನಕ್ಕರು. ಆಮೇಲೆ ಎಂ.ಎ. ಮೊದಲ ವರ್ಷದ ಸೆಮಿನಾರ್‌ವರೆಗೆ ನಾನು ಯಾವ ವೇದಿಕೆಯನ್ನೂ ಹತ್ತಲಿಲ್ಲ.

ಆ ಕ್ಷಣ ದೇಹದಲ್ಲಿ ಆಗುವುದು ಸರಳ. ಜನರ ದೃಷ್ಟಿಯನ್ನು ಮೆದುಳು ಅಪಾಯವೆಂದು ಓದುತ್ತದೆ, ಅಡ್ರಿನಲಿನ್ ಸುರಿಯುತ್ತದೆ, ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ನೆನಪು ಕೈಕೊಡುತ್ತದೆ. ಇದು ಕಡಿಮೆಯಾಗಬೇಕಾದರೆ ಅದೇ ಸನ್ನಿವೇಶವನ್ನು ಸಣ್ಣ ಸಣ್ಣ ಪ್ರಮಾಣದಲ್ಲಿ ಮತ್ತೆ ಮತ್ತೆ ಎದುರಿಸಿ, ಏನೂ ಕೆಡುಕಾಗಲಿಲ್ಲ ಎಂದು ಮೆದುಳಿಗೆ ಮನವರಿಕೆಯಾಗಬೇಕು. ಮೊದಲು ಇಬ್ಬರ ಮುಂದೆ, ಆಮೇಲೆ ಹತ್ತು ಜನರ ಮುಂದೆ. ಮೊದಲ ಸಲವೇ ಅವಮಾನವಾದರೆ ಮೆದುಳು ಕಲಿಯುವುದು ಉಲ್ಟಾ ಪಾಠ. ಒಳ್ಳೆಯ ಶಿಬಿರದಲ್ಲಿ ಮೊದಲ ವಾರ ಬರೀ ವೃತ್ತದಲ್ಲಿ ನಿಂತು ಆಡುವ ಆಟಗಳು ಇರುವುದಕ್ಕೆ ಕಾರಣ ಇದೇ. ‘ಒಂದು ವಾರ ಆತು, ಇನ್ನಾ ಡೈಲಾಗ್ ಕೊಟ್ಟಿಲ್ಲ’ ಎಂದು ಪಾಲಕರು ಗೊಣಗುವುದೂ ಆ ವಾರವೇ.

ಇದರ ಜೊತೆಗೆ ಇನ್ನೊಂದು ನಂಬಿಕೆ: ನಾಟಕದಿಂದ ಉಗ್ಗು ವಾಸಿಯಾಗುತ್ತದೆ. ಉಗ್ಗುವ ಮಗು ಪಾತ್ರವಾಗಿ ಮಾತಾಡುವಾಗ, ಹಾಡುವಾಗ, ಗುಂಪಿನೊಡನೆ ಹೇಳುವಾಗ ಉಗ್ಗು ಬಹಳ ಕಡಿಮೆಯಾಗುವುದು ನಿಜ. ಅದು ಹೆಚ್ಚಾಗಿ ಆ ಹೊತ್ತಿಗೆ ಮಾತ್ರ. ಮಗುವಿಗೆ ಅದರಿಂದ ಧೈರ್ಯ ಬರಬಹುದು; ಚಿಕಿತ್ಸೆಗೆ ವಾಕ್ ತಜ್ಞರೇ ಬೇಕು.

‘ಕೆಡುತ್ತಾರೆ’ ಎಂಬ ಹೆದರಿಕೆ ಎಲ್ಲಿಂದ ಬಂತು?

ಮಾಮಾನ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ನಾಟಕಕ್ಕೆ ಸೇರುವುದೆಂದರೆ ಶಾಲೆ ಬಿಟ್ಟು, ಮನೆ ಬಿಟ್ಟು ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುವುದೇ ಆಗಿತ್ತು. ಸ್ವತಃ ಬಿ.ವಿ. ಕಾರಂತರು ಬಾಲಕನಾಗಿದ್ದಾಗ ಮನೆಯಿಂದ ಓಡಿಹೋಗಿ ಗುಬ್ಬಿ ಕಂಪನಿ ಸೇರಿದವರು. (ಅವರನ್ನು ಬನಾರಸಿಗೆ ಎಂ.ಎ. ಓದಲು ಕಳಿಸಿದ್ದೂ ಅದೇ ಗುಬ್ಬಿ ವೀರಣ್ಣ.) ರಂಗದ ಮೇಲೆ ಬಂದ ಹೆಂಗಸರ ಬಗ್ಗೆ ಜನ ಆಡಿದ ಮಾತುಗಳಂತೂ ಬರೆಯುವಂಥವಲ್ಲ. ಮಗಳ ವಿಷಯ ಬಂದಾಗ ಮಾತ್ರ ಹೆದರಿಕೆ ಜೋರಾಗುವುದು ಆ ಹಳೆಯ ಮಾತುಗಳ ನೆನಪಿನಿಂದ. ವಾರಕ್ಕೆ ಎರಡು ಗಂಟೆ, ಶಾಲೆಯ ಆವರಣದಲ್ಲೇ ನಡೆಯುವ ಚಟುವಟಿಕೆಗೂ ಆ ಬದುಕಿಗೂ ಸಂಬಂಧವಿಲ್ಲ. ಓದಿನ ಹೊತ್ತು ಹಾಳಾಗುತ್ತದೆ ಎಂಬುದಕ್ಕೂ ಒಂದು ಉತ್ತರವಿದೆ: ಅಮೆರಿಕದ ಹ್ಯೂಸ್ಟನ್‌ನಲ್ಲಿ 42 ಶಾಲೆಗಳಲ್ಲಿ ನಡೆದ, 2019ರಲ್ಲಿ ವರದಿಯಾದ ಪ್ರಯೋಗದಲ್ಲಿ ನಾಟಕ, ಸಂಗೀತ, ಚಿತ್ರಕಲೆ ಹೆಚ್ಚಿಸಿದ ಶಾಲೆಗಳ ಮಕ್ಕಳು ಶಿಸ್ತಿನ ತಕರಾರಿಗೆ ಸಿಕ್ಕಿಕೊಳ್ಳುವುದು ಕಡಿಮೆಯಾಯಿತು, ಬರವಣಿಗೆಯ ಅಂಕ ಸ್ವಲ್ಪ ಏರಿತು.

ಇವೆಲ್ಲ ಹೊರದೇಶದ ಅಂಕಿಗಳು; ಅವನ್ನು ಅಳತೆ ಮಾಡಿದ ಹಾಗೆ ಇಲ್ಲಿಗೆ ಹೊಂದಿಸಲಾಗದು. ಆದರೆ ಇಲ್ಲಿ ಭಾಷೆಯ ವಿಷಯ ಅಲ್ಲಿಗಿಂತ ದೊಡ್ಡದು. ನಿಪ್ಪಾಣಿ, ಕಾಗವಾಡ ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಮರಾಠಿ, ಓಣಿಯಲ್ಲಿ ಎರಡೂ, ಪುಸ್ತಕದಲ್ಲಿ ಬೆಂಗಳೂರಿನ ಕನ್ನಡ. ‘ಹಂಗ ಅಲ್ಲ, ಹೀಗೆ’ ಎಂದು ತಿದ್ದಿಸಿಕೊಂಡೇ ಬೆಳೆಯುವ ಮಗು ಒಂದು ದಿನ ಮಾತಾಡುವುದನ್ನೇ ಬಿಡುತ್ತದೆ. ಪಾತ್ರದೊಳಗೆ ನಿಂತಾಗ ತಪ್ಪು ಮಗುವಿನದಲ್ಲ, ಪಾತ್ರದ್ದು. ಎರಡು ಭಾಷೆ ಬೆರೆತರೂ ನಾಟಕ ನಡೆಯುತ್ತದೆ. ಗಡಿಯಲ್ಲಿ ನಾಟಕಕ್ಕೆ ಭಾಷೆ ಅಡ್ಡಿಯಾದದ್ದೇ ಇಲ್ಲ: ಕಾಗವಾಡದಿಂದ ತಾಸಿನೊಳಗಿನ ದಾರಿಯ ಸಾಂಗ್ಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆ ಆಡಿಸಿದ ಮೊದಲ ಮರಾಠಿ ನಾಟಕಕ್ಕೆ ಪ್ರೇರಣೆ ಕರ್ಕಿಯ ಕನ್ನಡ ಭಾಗವತರ ಆಟ ಎಂದು ರಂಗಭೂಮಿಯ ಚರಿತ್ರೆಗಳು ಹೇಳುತ್ತವೆ.

ತೊಂದರೆ ಇರುವುದು ಬೇರೆ ಕಡೆ. ಧಾರವಾಡ ಚಿಕ್ಕೋಡಿಯಿಂದ ಸುಮಾರು 150 ಕಿ.ಮೀ., ಅಥಣಿಯಿಂದ ಇನ್ನೂ ದೂರ. ಒಂದು ತಿಂಗಳು ಅಲ್ಲಿ ಮಗುವನ್ನು ಬಿಡಬಲ್ಲವರು ಯಾರು? ಕಬ್ಬಿನ ಗದ್ದೆಗೋ ಬೀಡಿ ಕಟ್ಟಲೋ ಹೋಗುವ ತಾಯಿಯಂತೂ ಅಲ್ಲ. ಶಾಲೆಯಲ್ಲಿ ಪ್ರತಿಭಾ ಕಾರಂಜಿ ಇದೆ, ಅದು ಸ್ಪರ್ಧೆ. ಗೆಲ್ಲುವ ಮಗುವನ್ನು ಮೊದಲೇ ಆರಿಸಿ ತಯಾರು ಮಾಡುತ್ತಾರೆ, ಉಳಿದ ಮೂವತ್ತೈದು ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ ಎಷ್ಟನೇ ಸ್ಥಾನ ಎಂಬುದೇ ಸುದ್ದಿ. ಆ ಒತ್ತಡದಲ್ಲಿ ಎಂಟನೇತ್ತೆಯಿಂದ ಮೊದಲು ಬೀಳುವುದು ನಾಟಕವೇ, ಮಕ್ಕಳಿಗೆ ಮಾತಿನ ಧೈರ್ಯ ಅತಿ ಹೆಚ್ಚು ಬೇಕಾದ ವಯಸ್ಸಿನಲ್ಲಿ. ರಂಗಸಂಸ್ಥೆಗಳು ಮಕ್ಕಳನ್ನು ತಮ್ಮಲ್ಲಿಗೆ ಕರೆಸುವುದಕ್ಕಿಂತ, ಪ್ರತಿ ತಾಲ್ಲೂಕಿನ ಹತ್ತಿಪ್ಪತ್ತು ಕನ್ನಡ, ಸಮಾಜ ಶಿಕ್ಷಕರಿಗೆ ಒಂದು ವಾರ ಕಲಿಸಿ ಹೋದರೆ ಹೆಚ್ಚು ಮಕ್ಕಳಿಗೆ ಮುಟ್ಟುತ್ತದೆ ಎಂಬುದು ನನ್ನ ಲೆಕ್ಕ. ಅದಕ್ಕೆ ಪರದೆ ಬೇಡ, ಮೈಕು ಬೇಡ. ಬೆಂಚು ಸರಿಸಲು ಮುಖ್ಯೋಪಾಧ್ಯಾಯರ ಒಪ್ಪಿಗೆ ಬೇಕು.

ಅಕ್ಕನಿಗೆ ನಾನು ಹೇಳಿದ್ದು ಇಷ್ಟು: ಮಾರ್ಕ್ಸಿಗಾಗಿ ಹಾಕಬೇಡ. ಹಾಕುವ ಮೊದಲು ಶಿಬಿರದವರಿಗೆ ಮೂರು ಮಾತು ಕೇಳು. ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕ? ಕೊನೆಯ ದಿನದ ನಾಟಕದಲ್ಲಿ ಎಲ್ಲರಿಗೂ ಮಾತಿದೆಯೇ? ಮಾತು ಮರೆತ ಮಗುವಿಗೆ ಏನು ಮಾಡುತ್ತೀರಿ?

ಆಕೆ ಹೋಗಿ ಕೇಳಿದಳು. ಮೊದಲೆರಡಕ್ಕೆ ಉತ್ತರ ಸಿಕ್ಕಿತಂತೆ. ಮೂರನೆಯದಕ್ಕೆ ಅಲ್ಲಿನ ಹುಡುಗನೊಬ್ಬ ನಕ್ಕು, “ಅಕ್ಕಾರ, ಮರತರ ಬಾಜೂದಾಂವ ಹೇಳತಾನ್ರಿ, ನಾವು ಹಂಗ ಕಲಸಿರತೀವಿ” ಅಂದನಂತೆ. ಹುಡುಗಿಯನ್ನು ಅಲ್ಲೇ ಹಾಕಿದ್ದಾಳೆ.